ಮೆದುಳಿಗೆ ರಕ್ತ ಸಾಲದಿದ್ದರೆ ಡೋಪಮೈನ್ ಗತಿಯೇನು?

ಪ್ರಶ್ನೆ: ನಮ್ಮ ತಂದೆಯವರಿಗೆ 72 ವರ್ಷ, ಬಿಪಿ, ಸಕ್ಕರೆ ಕಾಯಿಲೆ ಎರಡೂ ಹಳೆಯವು. ಒಂದು ವರ್ಷದಿಂದ ಹೆಜ್ಜೆ ಸಣ್ಣದಾಗಿದೆ, ಹೊಸಿಲ ಬಳಿ ಬಂದಾಗ ಪಾದ ನೆಲಕ್ಕೆ ಅಂಟಿಕೊಂಡವರಂತೆ ನಿಂತುಬಿಡುತ್ತಾರೆ. ಕೈ ಮಾತ್ರ ಚುರುಕಾಗಿದೆ. ಈಗಲೂ ಅಡಕತ್ತರಿಯಲ್ಲಿ ಅಡಿಕೆಯನ್ನು ತಾವೇ ಸಣ್ಣಗೆ ಕತ್ತರಿಸಿಕೊಳ್ಳುತ್ತಾರೆ. ಮೆದುಳಿಗೆ ರಕ್ತಸಂಚಾರ ಕಡಿಮೆಯಾಗಿದೆ ಎಂದ ವೈದ್ಯರು, ಮೆದುಳಿನ ಕೋಶಗಳ ನಡುವೆ ಚಲನೆಯ ಸಂದೇಶ ಒಯ್ಯುವ ರಾಸಾಯನಿಕವಾದ ಡೋಪಮೈನನ್ನು ಹೆಚ್ಚಿಸುವ ಲೆವೊಡೋಪಾ ಮಾತ್ರೆ ಬರೆದುಕೊಟ್ಟರು. ಹೇಳಿಕೊಳ್ಳುವಂಥ ಗುಣ ಕಂಡಿಲ್ಲ. ರಕ್ತಕ್ಕೂ ಡೋಪಮೈನಿಗೂ ಏನು ಸಂಬಂಧ? ನಸುಗುನ್ನಿ ಬೀಜದ ಪುಡಿ ಕೊಡಬಹುದೇ?
– ಓದುಗರೊಬ್ಬರು, ಸಾಗರ

ಉತ್ತರ: ನಿಮ್ಮ ಪತ್ರದಲ್ಲಿ ಮುಖ್ಯವಾದ ಸುಳಿವು ಆ ಅಡಕತ್ತರಿಯೇ. ಪಾರ್ಕಿನ್ಸನ್ ಕಾಯಿಲೆ ಸಾಮಾನ್ಯವಾಗಿ ದೇಹದ ಒಂದು ಬದಿಯಲ್ಲಿ, ಹೆಚ್ಚಾಗಿ ಕೈಯ ನಡುಕ ಅಥವಾ ಬಿಗಿತದಿಂದ ಶುರುವಾಗುತ್ತದೆ. ಕೈ ಸರಿಯಿದ್ದು ಎರಡೂ ಕಾಲುಗಳು ಮಾತು ಕೇಳದಿದ್ದರೆ, ಜೊತೆಗೆ ಹಳೆಯ ಬಿಪಿಯೂ ಇದ್ದರೆ, ರಕ್ತನಾಳಗಳ ತೊಂದರೆಯಿಂದ ಬರುವ ಪಾರ್ಕಿನ್ಸನಿಸಂ (ಪಾರ್ಕಿನ್ಸನ್ ಕಾಯಿಲೆಯನ್ನು ಹೋಲುವ ಲಕ್ಷಣಗಳು) ಎಂದು ಶಂಕಿಸುವುದು ಸರಿ. ಬ್ರಿಟನ್ನಿನ ನರರೋಗ ತಜ್ಞ ಮ್ಯಾಕ್‌ಡೊನಾಲ್ಡ್ ಕ್ರಿಚ್ಲಿ 1929ರಲ್ಲಿಯೇ ಇದನ್ನು ವಿವರಿಸಿದ್ದರು.

ದೇಹದ ತೂಕದಲ್ಲಿ ಶೇ. 2ರಷ್ಟಿರುವ ಮೆದುಳು, ನಾವು ಸುಮ್ಮನೆ ಕುಳಿತಿರುವಾಗಲೂ ದೇಹಕ್ಕೆ ಸಿಗುವ ಆಮ್ಲಜನಕದ ಸುಮಾರು ಶೇ. 20ನ್ನು ಬಳಸಿಕೊಳ್ಳುತ್ತದೆ, ಕೂಡಿಟ್ಟುಕೊಳ್ಳುವ ಸೌಲಭ್ಯ ಅದಕ್ಕಿಲ್ಲ. ಪ್ರತಿ 100 ಗ್ರಾಂ ಮೆದುಳಿಗೆ ನಿಮಿಷಕ್ಕೆ ಸುಮಾರು 50 ಮಿ.ಲೀ. ರಕ್ತ ಬೇಕು. ಅದು 20ಕ್ಕಿಂತ ಕೆಳಗಿಳಿದರೆ ನರಕೋಶಗಳು ಕೆಲಸ ನಿಲ್ಲಿಸುತ್ತವೆ, 10ಕ್ಕಿಂತ ಕೆಳಗಾದರೆ ಬಹುಬೇಗ ಸಾಯುತ್ತವೆ. ಹೀಗೆ ರಕ್ತ ದಿಢೀರನೆ ನಿಂತಾಗ ಡೋಪಮೈನ್ ಕಡಿಮೆಯಾಗುತ್ತದೆ ಎಂದು ಯಾರಾದರೂ ಊಹಿಸುತ್ತಾರೆ. ಆಗುವುದು ಅದರ ವಿರುದ್ಧ. ಶಕ್ತಿಯಿಲ್ಲದ ಕೋಶಕ್ಕೆ ಡೋಪಮೈನನ್ನು ಒಳಗೆ ಹಿಡಿದಿಡಲು ಆಗದೆ ಅದು ವಿಪರೀತವಾಗಿ ಹೊರಚೆಲ್ಲುತ್ತದೆ, ಮತ್ತು ಒಡೆಯುವಾಗ ಹೈಡ್ರೋಜನ್ ಪೆರಾಕ್ಸೈಡಿನಂಥ ವಸ್ತುಗಳನ್ನು ಹುಟ್ಟಿಸಿ ಸುತ್ತಲಿನ ಕೋಶಗಳಿಗೂ ಹಾನಿ ಮಾಡುತ್ತದೆ.

ನಿಮ್ಮ ತಂದೆಯವರದು ನಿಧಾನದ ಕಥೆ. ಮೆದುಳಿನ ಆಳಕ್ಕೆ ಹೋಗುವ ಕೂದಲೆಳೆಯಂಥ ನಾಳಗಳು ಬಿಪಿ, ಸಕ್ಕರೆಯಿಂದ ದಪ್ಪಗಾದಾಗ, ಕಾಲುವೆಯ ಕೊನೆಯ ಗದ್ದೆಯಂತೆ ಅಲ್ಲಿನ ಭಾಗಗಳು ಮೊದಲು ಒಣಗುತ್ತವೆ. ಡೋಪಮೈನ್ ತಯಾರಿಸುವ ಕೋಶಗಳು ಎಷ್ಟೋ ಸಲ ಉಳಿದಿರುತ್ತವೆ. ಕೆಡುವುದು ಆ ಸಂದೇಶವನ್ನು ಪಡೆಯುವ ಕೋಶಗಳು ಮತ್ತು ಅದನ್ನು ಮುಂದಕ್ಕೆ ಒಯ್ಯುವ ನರತಂತುಗಳು. ಮಾತ್ರೆ ಡೋಪಮೈನನ್ನು ಹೆಚ್ಚಿಸಬಲ್ಲದೇ ಹೊರತು ಕೆಟ್ಟ ತಂತುವನ್ನು ಸರಿಪಡಿಸಲಾರದು. ಆದರೂ ಕೆಲವರಿಗೆ ಅದರಿಂದ ಪ್ರಯೋಜನವಾಗುವುದುಂಟು, ಆದ್ದರಿಂದ ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬೇಡಿ.

ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ಇರುವುದು ನಿಜ, ಮಾತ್ರೆಯಲ್ಲಿರುವುದೂ ಅದೇ. ಆದರೆ ಪುಡಿಯಿಂದ ಪುಡಿಗೆ ಅದರ ಪ್ರಮಾಣ ಬೇರೆ. ಮಾತ್ರೆಯ ಮೇಲೆ ಅದನ್ನೂ ಸೇರಿಸಿದರೆ ವಾಂತಿಯಾಗಬಹುದು, ಎದ್ದು ನಿಂತಾಗ ಬಿಪಿ ಇಳಿದು ಬೀಳಬಹುದು. ಬಿಪಿ ಹಾಗೆ ಇಳಿದಾಗಲೆಲ್ಲ ಮೆದುಳಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಕೊಡದಿರುವುದೇ ಒಳ್ಳೆಯದು.

ಬಿಪಿ, ಸಕ್ಕರೆ ಹತೋಟಿಯಲ್ಲಿರಲಿ. ಅಡಿಕೆಯ ಜೊತೆ ಹೊಗೆಸೊಪ್ಪು ಸೇರುತ್ತಿದ್ದರೆ ಅದು ಇಂದೇ ನಿಲ್ಲಲಿ. ಫಿಸಿಯೋಥೆರಪಿಯಿಂದ ನಡಿಗೆ ಸುಧಾರಿಸಬಹುದು. ಹೊಸಿಲ ಮುಂದೆ ನೆಲದ ಮೇಲೆ ಬಣ್ಣದ ಪಟ್ಟಿಗಳನ್ನು ಅಡ್ಡಲಾಗಿ ಅಂಟಿಸಿ, ಅವುಗಳನ್ನು ದಾಟುವಂತೆ ಹೆಜ್ಜೆ ಇಡಲು ಹೇಳಿದರೆ ಅನೇಕರ ಕಾಲು ಬಿಡಿಸಿಕೊಳ್ಳುತ್ತದೆ. ಮರೆವು ಹೆಚ್ಚುವುದು, ಮೂತ್ರ ತಡೆಯಲಾಗದಿರುವುದು ಕಂಡುಬಂದರೆ, ಮೆದುಳಿನಲ್ಲಿ ನೀರು ತುಂಬಿಕೊಳ್ಳುವ ಕಾಯಿಲೆಯಲ್ಲಿಯೂ ನಡಿಗೆ ಹೀಗೆಯೇ ಇರುವುದರಿಂದ, ಮೆದುಳಿನ ಸ್ಕ್ಯಾನ್ ತೆಗೆದುಕೊಂಡು ನರರೋಗ ತಜ್ಞರನ್ನು ಮತ್ತೊಮ್ಮೆ ಕಾಣಿರಿ.