ಪ್ರಶ್ನಾವಳಿಯೋ, ಅನುಸೂಚಿಯೋ?

ಪ್ರ: ಹಳ್ಳಿಯ ಹೆಂಗಸರ ದುಡಿಮೆ ಕುರಿತು ಎಂ.ಎ. ಕಿರುಪ್ರಬಂಧ ಬರೆಯುತ್ತಿದ್ದೇನೆ. ‘ಪ್ರಶ್ನಾವಳಿ’ ಎಂದು ಬರೆದದ್ದನ್ನು ಮಾರ್ಗದರ್ಶಕರು ಹೊಡೆದು ‘ಸಂದರ್ಶನ ಅನುಸೂಚಿ’ ಎಂದು ತಿದ್ದಿದ್ದಾರೆ. ಪ್ರಶ್ನೆಗಳು ಅವೇ ಅಲ್ಲವೇ?
– ವಿದ್ಯಾರ್ಥಿನಿ, ಹಾವೇರಿ

ಉ: ಪ್ರಶ್ನೆಗಳು ಅವೇ ಇರಬಹುದು, ಪೆನ್ನು ಹಿಡಿಯುವವರು ಬೇರೆ. ಉತ್ತರ ಕೊಡುವವರೇ ಓದಿ ತುಂಬಿದರೆ ಪ್ರಶ್ನಾವಳಿ. ನೀವು ಕೇಳಿ ನೀವೇ ಬರೆದುಕೊಂಡರೆ ಅನುಸೂಚಿ. ಜನಗಣತಿಗೆ ಮನೆಗೆ ಬರುವ ಮೇಷ್ಟ್ರು ತುಂಬಿಕೊಳ್ಳುವುದು ಅನುಸೂಚಿ. ಓದು ಬಾರದವರೂ ಇರುವ ಊರಿನಲ್ಲಿ ಪ್ರಶ್ನಾವಳಿ ಹಂಚಿ ಬಂದರೆ ಗಂಡನೋ ಮಗನೋ ತುಂಬಿ ಕೊಡುತ್ತಾನೆ. ಹೆಂಗಸರ ದುಡಿಮೆ ಬಗ್ಗೆ ಗಂಡಸರು ಏನೆಂದುಕೊಂಡಿದ್ದಾರೆ ಎಂಬುದು ಮಾತ್ರ ನಿಮಗೆ ತಿಳಿಯುತ್ತದೆ. ಮಾರ್ಗದರ್ಶಕರು ತಿದ್ದಿದ್ದು ಸರಿ.

ಆದರೆ ಶೀರ್ಷಿಕೆ ತಿದ್ದಿದರೆ ಸಾಲದು. ಅನುಸೂಚಿಯ ವಾಕ್ಯ ಬಾಯಲ್ಲಿ ಆಡುವಂತಿರಬೇಕು. ‘ತಾವು ಆರ್ಥಿಕ ಚಟುವಟಿಕೆಯಲ್ಲಿ ತೊಡಗಿರುವಿರಾ?’ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ‘ಕೆಲಸ ಮಾಡ್ತೀರೇನ್ರೀ?’ ಎಂದರೂ ಕೆಲಸ ಕೆಟ್ಟಿತು. ‘ಇಲ್ಲರೀ, ಮನ್ಯಾಗ ಇರ್ತೀನಿ’ ಎನ್ನುತ್ತಾರೆ, ಬೆಳಗಾಗುವುದರೊಳಗೆ ಎರಡು ಎಮ್ಮೆ ಹಿಂಡಿ ಡೇರಿಗೆ ಹಾಲು ಹಾಕಿ ಬಂದವರು. ಕೂಲಿ ಕೈಗೆ ಬಂದರಷ್ಟೇ ಅವರ ಲೆಕ್ಕದಲ್ಲಿ ಅದು ಕೆಲಸ. ಹಾಗಾಗಿ ಒಂದೊಂದನ್ನೂ ಹೆಸರು ಹೇಳಿ ಕೇಳಿ: ಕಳೆದ 7 ದಿನದಲ್ಲಿ ಕಳೆ ತೆಗೆದಿರಾ, ಹಾಲು ಹಿಂಡಿದಿರಾ, ಶೇಂಗಾ ಬಿಡಿಸಿದಿರಾ? ಹೌದೆಂದರೆ ಎಷ್ಟು ದಿನ, ದಿನಕ್ಕೆ ಎಷ್ಟು ಹೊತ್ತು, ಕೂಲಿಗೋ ಸ್ವಂತಕ್ಕೋ? (ಮೈಸೂರು ಸೀಮೆಗೆ ಹೋದರೆ ಶೇಂಗಾವನ್ನು ಕಡಲೆಕಾಯಿ ಮಾಡಿಕೊಳ್ಳಿ.)

ಜಮೀನಿಗೆ ಎಕರೆಗೊಂದು, ಗುಂಟೆಗೊಂದು ಪ್ರತ್ಯೇಕ ಚೌಕ ಇಡಿ. 2 ಎಕರೆ 10 ಗುಂಟೆಯನ್ನು 2.10 ಎಂದು ಬರೆದರೆ ಕಂಪ್ಯೂಟರ್ ಅದನ್ನೇ ನಂಬುತ್ತದೆ. 40 ಗುಂಟೆಗೆ ಎಕರೆಯಾದ್ದರಿಂದ ನಿಜಕ್ಕೂ ಅದು 2.25.

ಅತ್ತೆ ಪಕ್ಕದಲ್ಲಿ ಕೂತಿದ್ದರೆ ಸೊಸೆಯ ಬಾಯಲ್ಲಿ ಬರುವುದು ಅತ್ತೆಯ ಉತ್ತರ. ಎದ್ದು ಹೋಗಿ ಎನ್ನಲಾಗದಿದ್ದರೆ ‘ಸಂದರ್ಶನದ ವೇಳೆ ಯಾರಿದ್ದರು’ ಎಂಬ ಕಾಲಮ್ಮಾದರೂ ಇರಲಿ.

ಪ್ರ: ಮನೆಖರ್ಚು ಕೇಳುವಾಗ 7 ದಿನದ ಲೆಕ್ಕ ಕೇಳಬೇಕೋ, 30 ದಿನದ್ದೋ? ಎರಡನ್ನೂ ಕೇಳಿದರೆ ಕ್ಷೇಮವಲ್ಲವೇ?
– ಉಪನ್ಯಾಸಕ, ತುಮಕೂರು

ಉ: ಒಂದೇ ವಸ್ತುವಿಗೆ ಎರಡನ್ನೂ ಕೇಳಬೇಡಿ. ರಾಷ್ಟ್ರೀಯ ಮಾದರಿ ಸಮೀಕ್ಷೆ 1999–2000ರ 55ನೇ ಸುತ್ತಿನಲ್ಲಿ ಆಹಾರದ ಖರ್ಚಿಗೆ ಹೀಗೇ ಮಾಡಿತು. ಪಕ್ಕಪಕ್ಕದಲ್ಲಿ ಎರಡು ಅವಧಿ ಇದ್ದರೆ ಹೇಳುವವರೂ ಬರೆಯುವವರೂ ಒಂದಕ್ಕೊಂದನ್ನು ತಾಳೆ ಮಾಡಿಬಿಡುತ್ತಾರೆ. ಆ ಸುತ್ತಿನ ಬಡತನದ ಅಂದಾಜನ್ನು 1993–94ರದಕ್ಕೆ ಹೋಲಿಸಬಹುದೇ ಎಂದು ಅರ್ಥಶಾಸ್ತ್ರಜ್ಞರು ಆಮೇಲೆ ವರ್ಷಗಟ್ಟಲೆ ವಾದಿಸಿದರು. ಹಾಲು, ತರಕಾರಿ, ಮೊಟ್ಟೆಗೆ 7 ದಿನ. ಅಕ್ಕಿ, ಬೇಳೆ, ಕರೆಂಟ್ ಬಿಲ್ಲಿಗೆ 30. ಬಟ್ಟೆ, ಶಾಲೆ ಫೀಸಿಗೆ 365 ಎಂದು ವಸ್ತು ನೋಡಿ ಅವಧಿ ಇಡಿ.

ಪ್ರ: ಪೂರ್ವಪರೀಕ್ಷೆಗೆ ಎಷ್ಟು ಜನ ಬೇಕು?
– ಸಂಶೋಧನಾರ್ಥಿ, ಕಲಬುರಗಿ

ಉ: ನಿಜವಾದ ಸಮೀಕ್ಷೆಗೆ ಮುಂಚೆ ಪ್ರಶ್ನೆಗಳನ್ನು ಕೆಲವರಿಗೆ ಕೇಳಿ ನೋಡುವುದೇ ಪೂರ್ವಪರೀಕ್ಷೆ. ಅದಕ್ಕೆ 15–20 ಮಂದಿ ಸಾಕು, ನಿಮ್ಮ ಮಾದರಿಯಲ್ಲಿ (ಸಮೀಕ್ಷೆಗೆ ಆರಿಸಿಕೊಂಡವರಲ್ಲಿ) ಬಾರದ ಊರಿನವರಾಗಿರಲಿ. ಗಡಿಯಾರ ನೋಡಿಕೊಳ್ಳಿ, 40 ನಿಮಿಷ ದಾಟಿದರೆ ಪ್ರಶ್ನೆ ಕಡಿಮೆ ಮಾಡಿ. ‘ಏನಂದ್ರಿ?’ ಎಂದು ಮೂರು ಮಂದಿ ಕೇಳಿದ ಪ್ರಶ್ನೆಯನ್ನು ಹೊಸದಾಗಿ ಬರೆಯಿರಿ. ‘ಗೊತ್ತಿಲ್ಲ’, ‘ಹೇಳಲೊಲ್ಲರು’, ‘ಅನ್ವಯಿಸದು’ ಮೂರಕ್ಕೂ ಬೇರೆ ಬೇರೆ ಕೋಡ್ ಕೊಡಿ. ಖಾಲಿ ಬಿಟ್ಟ ಚೌಕವನ್ನು ಡೇಟಾ ಎಂಟ್ರಿಯವರು ಸೊನ್ನೆ ಎಂದು ಒತ್ತಿಬಿಟ್ಟರೆ, ಆದಾಯ ಹೇಳಲೊಲ್ಲದ ಸಾಹುಕಾರರು ಊರಿನ ಕಡುಬಡವರ ಪಟ್ಟಿ ಸೇರುತ್ತಾರೆ.