ಮೊದಲು ಆ ನಸುಕಿನ ಕೋಚಿಂಗ್ ಬಿಡಿಸಿ

"ಅಕ್ಕಾ, ಮಾತ್ರೆ ಕೊಡದೆ ನನ್ನ ಮಗನನ್ನು ಒಂದು ಕಡೆ ಕೂರಿಸುವ ದಾರಿ ಇದ್ದರೆ ಹೇಳಿ" ಎಂದು ಸಿಂಧನೂರಿನಿಂದ ಒಬ್ಬ ತಾಯಿ ಬರೆದಿದ್ದಾರೆ. ನಾಲ್ಕು ಪುಟದ ಪತ್ರ. ಓದಿ ಮುಗಿಸುವ ಹೊತ್ತಿಗೆ ನನಗೆ ಸಿಟ್ಟು ಬಂದಿತ್ತು. ಆ ತಾಯಿಯ ಮೇಲಲ್ಲ. ಯಾರ ಮೇಲೆ ಅನ್ನುವುದು ಮುಂದೆ ತಿಳಿಯುತ್ತದೆ.

ಸಂಗತಿ ಇಷ್ಟು. ಹುಡುಗನಿಗೆ 10 ವರ್ಷ, ಐದನೇ ಕ್ಲಾಸು. ಒಂದನೇ ಕ್ಲಾಸಿನಿಂದಲೂ ಕುಂತಲ್ಲಿ ಕೂರುವುದಿಲ್ಲ. ಪೆನ್ಸಿಲ್, ಟಿಫಿನ್ ಡಬ್ಬಿ, ಕೊನೆಗೆ ಚಪ್ಪಲಿ ಕೂಡ ಕಳೆದುಕೊಂಡು ಬರುತ್ತಾನೆ. ಲೆಕ್ಕ ಬರುತ್ತದೆ, ಆದರೆ ಅರ್ಧಕ್ಕೆ ಬಿಟ್ಟು ಏಳುತ್ತಾನೆ. ಮನೋವೈದ್ಯರಿಗೆ ತೋರಿಸಿದ್ದಾರೆ, ಅವರು ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ, ಎಂದು ಹೇಳಿ ಮಾತ್ರೆ ಬರೆದಿದ್ದಾರೆ. ಗೊಬ್ಬರದ ಅಂಗಡಿ ನಡೆಸುವ ಅಪ್ಪ "ಈ ವಯಸ್ಸಿಗೇ ತಲೆಗೆ ಮಾತ್ರೆನಾ?" ಎಂದು ಚೀಟಿ ಮಡಚಿ ಕಪಾಟಿಗೆ ಹಾಕಿದ್ದಾರೆ. ಗಂಡನ ಅಣ್ಣ ನೆನಪಿನ ಶಕ್ತಿಯ ಟಾನಿಕ್ ತಂದುಕೊಟ್ಟಿದ್ದಾರೆ. ಅತ್ತೆಯವರು ಮುದ್ದು ಮಾಡಿ ಹುಡುಗನನ್ನು ಕೆಡಿಸಿದ್ದಾರೆ ಎಂಬ ದೂರಿಗೇ ಒಂದೂವರೆ ಪುಟ ಹೋಗಿದೆ.

ಮೂರನೇ ಪುಟದ ಕೆಳಗೆ, ಸುಮ್ನೆ ಬರೆದಂತೆ, ಒಂದು ಸಾಲು ಇದೆ: "ಜೂನ್‌ನಿಂದ ಬೆಳಿಗ್ಗೆ 5.30ಕ್ಕೆ ನವೋದಯ ಕೋಚಿಂಗ್ ಇದೆ, ಅದನ್ನಂತೂ ಒಂದು ದಿನವೂ ತಪ್ಪಿಸಿಲ್ಲ, ಭಾವನವರೇ ಫೀ ಕಟ್ಟಿದ್ದಾರೆ."

ತಂಗೀ, ನಾಲ್ಕು ಪುಟದಲ್ಲಿ ನೀವು ಬರೆಯಲೇಬೇಕಾಗಿದ್ದದ್ದು ಆ ಒಂದೇ ಸಾಲು. ಕೋಚಿಂಗ್ 5.30ಕ್ಕೆ ಅಂದರೆ ಹುಡುಗ ಏಳುವುದು 4.45ಕ್ಕೆ. ಆಮೇಲೆ ಶಾಲೆ, ಸಂಜೆ ಟ್ಯೂಷನ್, ರಾತ್ರಿ ಹೋಂವರ್ಕ್. ಅಪ್ಪ ಅಂಗಡಿ ಮುಚ್ಚಿ 10.30ಕ್ಕೆ ಬಂದ ಮೇಲೆ ಎಲ್ಲರ ಊಟ, ಮಲಗುವಾಗ 11.30 ಎಂದು ನೀವೇ ಬರೆದಿದ್ದೀರಿ. ಅಲ್ಲಿಗೆ ಐದೂಕಾಲು ತಾಸು ನಿದ್ದೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ತಾಸು ನಿದ್ದೆ ಬೇಕು ಎನ್ನುತ್ತಾರೆ ನಿದ್ದೆಯ ತಜ್ಞರು. ನಿಮ್ಮ ಮಗನಿಗೆ ಅದರ ಅರ್ಧದಷ್ಟು ಸಿಗುತ್ತಿದೆ ಅಷ್ಟೇ.

ನಿದ್ದೆಗೆಟ್ಟರೆ ದೊಡ್ಡವರು ತೂಕಡಿಸುತ್ತಾರೆ. ಮಕ್ಕಳು ಎಷ್ಟೋ ಸಲ ಅದರ ಉಲ್ಟಾ. ಇನ್ನೂ ಜಾಸ್ತಿ ಕುಣಿಯುತ್ತಾರೆ, ಸಣ್ಣದಕ್ಕೂ ಸಿಡಿಮಿಡಿ, ಹೇಳಿದ್ದು ತಲೆಗೆ ಹೋಗುವುದಿಲ್ಲ, ಕೈ ಸುಮ್ಮನಿರುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಎಡಿಎಚ್‌ಡಿಯ ಹಾಗೇ ಕಾಣುತ್ತದೆ. ಹಾಗಂತ ನಿಮ್ಮ ಮಗನಿಗೆ ಎಡಿಎಚ್‌ಡಿ ಇಲ್ಲ ಎಂದು ನಾನು ಹೇಳುತ್ತಿಲ್ಲ. ಒಂದನೇ ಕ್ಲಾಸಿನಿಂದ ಇದೆ, ಮನೆಯಲ್ಲೂ ಇದೆ ಶಾಲೆಯಲ್ಲೂ ಇದೆ ಅನ್ನುತ್ತೀರಿ. ಡಾಕ್ಟರು ನೋಡುವುದೂ ಅದನ್ನೇ: 12 ವರ್ಷದ ಒಳಗೆ ಶುರುವಾಗಿದೆಯಾ, 6 ತಿಂಗಳಿಗಿಂತ ಹೆಚ್ಚು ಕಾಲ ಇದೆಯಾ, ಎರಡು ಕಡೆಯಾದರೂ ಕಾಣುತ್ತದೆಯಾ. ಆದರೆ ಮೊದಲೇ ಗಮನ ನಿಲ್ಲದ ಹುಡುಗನ ನಿದ್ದೆಯನ್ನೂ ಕಿತ್ತುಕೊಂಡು, ಆಮೇಲೆ ಅವನಿಗೆ ಏನಾಗಿದೆ ಎಂದು ಕೇಳುತ್ತಿದ್ದೀರಿ. ಈ 4.45ರ ವಿಷಯ ಡಾಕ್ಟರಿಗೆ ಹೇಳಿದಿರಾ? ಪತ್ರ ನೋಡಿದರೆ ಹೇಳಿದ ಹಾಗಿಲ್ಲ.

ಈ ಅಂಕಣ ಓದುವವರಿಗೆ ನನ್ನ ಹಳೆ ರಾಗ ಗೊತ್ತು. ಪ್ರೈಮರಿ ಮಕ್ಕಳಿಗೆ ಹೊತ್ತು ಹುಟ್ಟುವ ಮೊದಲು ಪಾಠ ಹೇಳಬಾರದು. ನವೋದಯದ ಮೇಲೆ ನನಗೆ ದ್ವೇಷ ಇಲ್ಲ, ಒಳ್ಳೆಯ ಶಾಲೆ, ಬಡವರ ಮಕ್ಕಳು ಅಲ್ಲಿ ಓದಿ ಎಲ್ಲೆಲ್ಲಿಗೋ ಹೋಗಿದ್ದಾರೆ. ಆದರೆ ಲೆಕ್ಕ ನೋಡಿ. ಒಂದು ನವೋದಯದಲ್ಲಿ ಆರನೇ ಕ್ಲಾಸಿಗೆ ಇರುವುದು ಹೆಚ್ಚೆಂದರೆ 80 ಸೀಟು. ಎರಡು ತಾಸಿನ ಪರೀಕ್ಷೆ, 80 ಪ್ರಶ್ನೆ. ಹದಿನೈದು ನಿಮಿಷ ಕೂರಲು ಒದ್ದಾಡುವ ಹುಡುಗನನ್ನು ಆ ಎರಡು ತಾಸಿಗೋಸ್ಕರ ವರ್ಷವಿಡೀ ನಸುಕಿನಲ್ಲಿ ಎಬ್ಬಿಸುವುದು ಯಾವ ನ್ಯಾಯ? ಇದಕ್ಕೆ ಕಾರಣ ನಿಮ್ಮ ಭಾವನವರು. ಅವರ ಮಗನಿಗೆ ಹೋದ ವರ್ಷ ಸೀಟು ಸಿಕ್ಕಿತು, ಸಂತೋಷ. ಅದಕ್ಕೆ ತಮ್ಮನ ಮಗನಿಗೂ ಫೀ ಕಟ್ಟಿಬಿಟ್ಟರು, ಯಾರನ್ನೂ ಕೇಳದೆ. ಜೊತೆಗೆ ಟಾನಿಕ್ ಬೇರೆ! ಆ ಬಾಟಲಿಯಿಂದ ಎಡಿಎಚ್‌ಡಿ ಹೋಗುವುದಿಲ್ಲ. ದುಡ್ಡು ಕೊಟ್ಟವರ ಮಾತು ಮೀರಬಾರದು ಅನ್ನುವ ಸಂಕೋಚ ನಮ್ಮ ಕಡೆ ಎಷ್ಟು ಮಕ್ಕಳ ನಿದ್ದೆ ತಿಂದಿದೆಯೋ.

ಇನ್ನು ನಿಮ್ಮ ಅತ್ತೆಯವರ ವಿಷಯ. ಕ್ಷಮಿಸಿ ತಂಗೀ, ನಾನು ಅವರ ಕಡೆ. ನೀವೇ ಬರೆದ ದೂರನ್ನು ಇನ್ನೊಮ್ಮೆ ಓದಿ: "ನಾನು ಹತ್ತು ಸಲ ಹೇಳಿದರೂ ಕೇಳಲ್ಲ, ಅಜ್ಜಿ ಒಂದು ಸಲ ಹೇಳಿದರೆ ಎಮ್ಮೆಗೆ ನೀರು ಇಟ್ಟು ಬರುತ್ತಾನೆ, ಅಷ್ಟಕ್ಕೇ ಅವರು ಶಾಬಾಶ್ ಅಂತ ಕೈಗೆ ಶೇಂಗಾ ಬೆಲ್ಲ ಕೊಡ್ತಾರೆ." ಅಜ್ಜಿ ಹೇಳುವುದು ಒಂದೇ ಕೆಲಸ. ಹತ್ತಿರ ಕರೆದು, ಮುಖ ನೋಡಿ ಹೇಳುತ್ತಾರೆ. ಮುಗಿಸಿದ ತಕ್ಷಣ ಹೊಗಳುತ್ತಾರೆ. ನೀವು ಅಡುಗೆಮನೆಯಿಂದ ಕೂಗಿ ಬ್ಯಾಗ್ ತುಂಬು, ಹಲ್ಲು ಉಜ್ಜು, ಶೂ ಹುಡುಕು ಎಂದು ಒಂದೇ ಉಸಿರಿನಲ್ಲಿ ಹೇಳುತ್ತೀರಿ, ಮೊದಲನೆಯದು ಮುಗಿಯುವಷ್ಟರಲ್ಲಿ ಉಳಿದ ಎರಡು ಅವನ ತಲೆಯಿಂದ ಹಾರಿಹೋಗಿರುತ್ತವೆ. ಇಂಥ ಮಕ್ಕಳ ತಂದೆತಾಯಿಗೆ ತರಬೇತಿ ಅಂತ ಕೊಡುತ್ತಾರಲ್ಲ, ಅದರಲ್ಲಿ ಕಲಿಸುವ ಮುಖ್ಯ ಪಾಠವೇ ಇದು: ಚಿಕ್ಕ ಮಾತು, ಒಂದು ಸಲಕ್ಕೆ ಒಂದು ಕೆಲಸ, ಕೂಡಲೇ ಮೆಚ್ಚುಗೆ. ಶಾಬಾಶ್ ಅನ್ನುವುದನ್ನು ಭಾನುವಾರಕ್ಕೆ ಎತ್ತಿಟ್ಟರೆ ಉಪಯೋಗ ಇಲ್ಲ. ನಿಮ್ಮ ಮನೆಯಲ್ಲಿ ಅದನ್ನು ಎಮ್ಮೆ ಕೊಟ್ಟಿಗೆಯಲ್ಲಿ ಬಿಟ್ಟಿಯಾಗಿ ಹೇಳಿಕೊಡುವವರು ಇದ್ದಾರೆ, ನೀವು ಅವರನ್ನೇ ದೂರುತ್ತಿದ್ದೀರಿ.

ಮಾತ್ರೆಯ ಮಾತು ಉಳಿಯಿತು. ನಿಮ್ಮ ಯಜಮಾನರಿಗೆ ಹೇಳಿ, ಅದು ಬುದ್ಧಿ ಮಂಕಾಗಿಸುವ ಮಾತ್ರೆ ಅಲ್ಲ. 6 ವರ್ಷದೊಳಗಿನ ಮಕ್ಕಳಿಗೆ ಮೊದಲು ತಂದೆತಾಯಿಗೆ ತರಬೇತಿ, ಅದಕ್ಕಿಂತ ದೊಡ್ಡವರಿಗೆ ಮಾತ್ರೆ ಮತ್ತು ತರಬೇತಿ ಎರಡೂ ಜೊತೆಗೆ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2019ರಲ್ಲಿ ಹೇಳಿದೆ. ಹಾಗಾಗಿ ನಿಮ್ಮ ಡಾಕ್ಟರು ತಪ್ಪೇನೂ ಮಾಡಿಲ್ಲ. ಈ ಮಕ್ಕಳಿಗೆ ಹೆಚ್ಚಾಗಿ ಬರೆಯುವ ಮೀಥೈಲ್‌ಫೆನಿಡೇಟ್‌ನಿಂದ ಕೆಲವರಿಗೆ ಹಸಿವು ಮತ್ತು ನಿದ್ದೆ ಕಡಿಮೆಯಾಗುತ್ತದೆ, ಅದು ನಿಜ. ಅದಕ್ಕೇ ಮೊದಲು ನಿದ್ದೆ ಸರಿಮಾಡಿ ಎನ್ನುತ್ತಿದ್ದೇನೆ. ಮಾತ್ರೆ ಬೇಕೋ ಬೇಡವೋ ಅನ್ನುವುದು ನಾನಾಗಲಿ, ನಿಮ್ಮ ಭಾವನವರಾಗಲಿ ತೀರ್ಮಾನಿಸುವ ವಿಷಯ ಅಲ್ಲ.

ನೀವು ಹತ್ತು ಉಪಾಯ ಕೇಳಿದ್ದೀರಿ. ನಾನು ಒಂದೇ ಹೇಳುತ್ತೇನೆ: ನಾಳೆಯಿಂದ ಆ ಕೋಚಿಂಗ್ ಬಂದ್. ಹುಡುಗ 8ಕ್ಕೆ ಅಜ್ಜಿಯ ಜೊತೆ ರೊಟ್ಟಿ ತಿಂದು, 9ಕ್ಕೆ ಮಾಳಿಗೆ ಮೇಲೆ ಮಲಗಲಿ, ಅಪ್ಪನಿಗೆ ಕಾಯುವುದು ಬೇಡ. ಹಾಸಿಗೆ ಹತ್ತಿರ ಮೊಬೈಲ್ ಬೇಡ. ಸೊಳ್ಳೆಪರದೆ ಕಟ್ಟಿ, ಸುತ್ತ ಭತ್ತದ ಗದ್ದೆ ಇರುವ ಊರು ನಿಮ್ಮದು, ಅದಿಲ್ಲದೆ ಯಾರಿಗೂ ನಿದ್ದೆ ಬರುವುದಿಲ್ಲ. ಸಂಜೆ ಟ್ಯೂಷನ್ನಿಗೆ ಹೋಗುವ ಮೊದಲು ಬಿಸಿಲು ಇಳಿದ ಮೇಲೆ ಒಂದು ತಾಸು ಓಡಾಡಲಿ.

ಹೀಗೆ ಆರು ವಾರ ಮಾಡಿ, ಯಾವ ದಿನ ಎಷ್ಟು ನಿದ್ದೆ, ಶಾಲೆಯಲ್ಲಿ ಹೇಗಿದ್ದ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆಮೇಲೆ ಆ ಪುಸ್ತಕ, ಕಪಾಟಿನ ಚೀಟಿ ಎರಡನ್ನೂ ಹಿಡಿದು ಅದೇ ಡಾಕ್ಟರ ಹತ್ತಿರ ಹೋಗಿ. ದೂರ ಅನಿಸಿದರೆ ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ನ ಮನೋವೈದ್ಯ ವಿಭಾಗಕ್ಕೆ ಹೋಗಿ. ರಾತ್ರಿ ಗೊರಕೆ ಹೊಡೆಯುತ್ತಾನಾದರೆ ಅದನ್ನೂ ಹೇಳಿ. ಕಣ್ಣು, ಕಿವಿ, ರಕ್ತದ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ. ನಡುವೆ ನಿಮಗೇ ತಾಳ್ಮೆ ತಪ್ಪಿ, ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅದು, ಸರ್ಕಾರದ್ದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕೋಚಿಂಗ್ ಬಿಡಿಸಿದ್ದನ್ನು ಭಾವನವರಿಗೆ ನೀವು ಹೇಳಬೇಡಿ. ಚೀಟಿ ಮಡಚಿ ಇಟ್ಟವರು ನಿಮ್ಮ ಯಜಮಾನರಲ್ವಾ, ಅಣ್ಣನಿಗೆ ಅವರೇ ಫೋನ್ ಮಾಡಲಿ. ಫೀ ವಾಪಸ್ ಕೇಳಿದರೆ ಕೊಟ್ಟುಬಿಡಿ.