ಹಳೆಯ ಕಾರ್ಬನ್ ಸೈಕಲ್ಲೋ, ಹೊಸ ಅಲ್ಯೂಮಿನಿಯಂ ಸೈಕಲ್ಲೋ?

ಪ್ರಶ್ನೆ: ನನಗೆ 43 ವರ್ಷ, ತೂಕ 82 ಕಿಲೋ, ಮನೆ ಯಲಹಂಕದಲ್ಲಿ. ಕೆಲವು ಕಾಲದಿಂದ ಹೈಬ್ರಿಡ್ ಸೈಕಲ್ ಓಡಿಸುತ್ತಿದ್ದೇನೆ. ರಕ್ತದ ಸಕ್ಕರೆ ಅಂಚಿನಲ್ಲಿದೆ ಎಂದು ವೈದ್ಯರು ಎಚ್ಚರಿಸಿದ್ದಾರೆ. ನಂದಿಬೆಟ್ಟವನ್ನು ಒಮ್ಮೆಯೂ ಕಾಲು ಊರದೆ ಹತ್ತಬೇಕೆಂಬ ಆಸೆ. ಸಹೋದ್ಯೋಗಿಯೊಬ್ಬರು ತಮ್ಮ ಹಳೆಯ ಕಾರ್ಬನ್ ರೇಸ್ ಸೈಕಲ್ಲನ್ನು (53/39 ಚೈನ್‌ರಿಂಗ್, 11-25 ಕ್ಯಾಸೆಟ್, ರಿಮ್ ಬ್ರೇಕ್) ಒಂದು ಲಕ್ಷಕ್ಕೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಅದೇ ಹಣಕ್ಕೆ ಹೊಸ ಅಲ್ಯೂಮಿನಿಯಂ ರೋಡ್ ಬೈಕ್ ಸಿಗುತ್ತದೆ. ಯಾವುದನ್ನು ಕೊಳ್ಳಲಿ?

ಉತ್ತರ:

ಹೊಸ ಅಲ್ಯೂಮಿನಿಯಂ ಸೈಕಲ್ಲನ್ನೇ ಕೊಳ್ಳಿ. ಕಾರ್ಬನ್ ಕೆಟ್ಟದ್ದೆಂದು ಹೀಗೆ ಹೇಳುತ್ತಿಲ್ಲ. ನೀವು ಆವರಣದೊಳಗೆ ಬರೆದು ಮುಂದೆ ಸಾಗಿದ ಆ ಅಂಕಿಗಳಿವೆಯಲ್ಲ, 53/39 ಮತ್ತು 11-25, ನಿಮ್ಮ ಆಸೆಗೆ ಅಡ್ಡ ಬರುವುದು ಅವೇ. 53/39 ಎಂದರೆ ಪೆಡಲ್ ಬಳಿಯ ಎರಡು ಹಲ್ಲುಚಕ್ರಗಳ (ಚೈನ್‌ರಿಂಗ್) ಹಲ್ಲುಗಳು. 11-25 ಎಂದರೆ ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲಿನಲ್ಲಿ (ಕ್ಯಾಸೆಟ್) ಅತಿ ಚಿಕ್ಕದರ ಮತ್ತು ಅತಿ ದೊಡ್ಡದರ ಹಲ್ಲುಗಳು.

ನಂದಿಯ ಲೆಕ್ಕ ಹಾಕೋಣ. ಬುಡದಿಂದ ತುದಿಗೆ ಸುಮಾರು ಏಳೂವರೆ ಕಿಲೋಮೀಟರ್ ರಸ್ತೆ, ಏರುವ ಎತ್ತರ 450 ಮೀಟರ್ ಆಸುಪಾಸು. ಅಂದರೆ ನೂರು ಮೀಟರ್ ಮುಂದೆ ಹೋದರೆ ಸರಾಸರಿ ಆರು ಮೀಟರ್ ಮೇಲೆ. ನಿಮ್ಮ ತೂಕದವರು ಮೊದಮೊದಲು ಗಂಟೆಗೆ 9 ಕಿಲೋಮೀಟರ್ ವೇಗದಲ್ಲಿ ಹತ್ತಿದರೆ ಚೆನ್ನಾಗಿಯೇ ಹತ್ತಿದಂತೆ. 50 ನಿಮಿಷ ಹಿಡಿಯುತ್ತದೆ. ಸಹೋದ್ಯೋಗಿಯ ಸೈಕಲ್ಲಿನಲ್ಲಿ ಅತಿ ಹಗುರ ಗಿಯರ್ ಎಂದರೆ ಮುಂದೆ 39 ಹಲ್ಲು, ಹಿಂದೆ 25. ಪೆಡಲ್ ಒಂದು ಸುತ್ತು ಸುತ್ತಿದರೆ ಸೈಕಲ್ 3.3 ಮೀಟರ್ ಮುಂದಕ್ಕೆ ಹೋಗುತ್ತದೆ. 9 ಕಿಲೋಮೀಟರ್ ವೇಗದಲ್ಲಿ ಅದು ನಿಮಿಷಕ್ಕೆ 45 ಸುತ್ತು. ಪ್ರತಿ ಸುತ್ತಿಗೂ ಮೊಣಕಾಲಿನ ಮೇಲೆ ಇಡೀ ದೇಹದ ಭಾರ ಹಾಕಿ ತುಳಿಯಬೇಕು. ಈಗಿನ ಸೈಕಲ್‌ಗಳಲ್ಲಿ ಬರುವ ‘ಕಂಪ್ಯಾಕ್ಟ್’ 50/34 ಚೈನ್‌ರಿಂಗ್‌ಗೆ ಹಿಂದೆ 34 ಹಲ್ಲಿನ ಕ್ಯಾಸೆಟ್ ಜೋಡಿಸಿದರೆ ಒಂದು ಸುತ್ತಿಗೆ 2.1 ಮೀಟರ್, ಅದೇ ವೇಗಕ್ಕೆ ನಿಮಿಷಕ್ಕೆ 70 ಸುತ್ತು. ಕೆಲಸ ಎರಡರಲ್ಲೂ ಒಂದೇ. ಒಂದರಲ್ಲಿ ಮೊಣಕಾಲು ಸೋಲುತ್ತದೆ, ಇನ್ನೊಂದರಲ್ಲಿ ಉಸಿರು ಏರುತ್ತದೆ. ಉಸಿರನ್ನು ಅಭ್ಯಾಸದಿಂದ ಪಳಗಿಸಬಹುದು. 43ರ ಮೊಣಕಾಲನ್ನು ಪಳಗಿಸುವುದು ಕಷ್ಟ.

‘ಕ್ಯಾಸೆಟ್ ಬದಲಾಯಿಸಿದರಾಯಿತು’ ಎಂದು ಸಹೋದ್ಯೋಗಿ ಹೇಳಬಹುದು. ಅಷ್ಟು ಸುಲಭವಲ್ಲ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗಕ್ಕೆ ಡಿರೈಲರ್ ಎನ್ನುತ್ತಾರೆ. ಆ ಕಾಲದ ಗಿಡ್ಡ ಡಿರೈಲರ್‌ಗಳು ಸಾಮಾನ್ಯವಾಗಿ 28 ಹಲ್ಲಿನ ಆಚೆ ಒಪ್ಪುವುದಿಲ್ಲ. ಡಿರೈಲರ್, ಕ್ರ್ಯಾಂಕ್, ಚೈನು ಎಂದು ಒಂದೊಂದೇ ಬದಲಾಯಿಸುತ್ತಾ ಹೋದರೆ ಕೊನೆಗೆ ಹಳೆಯದರಲ್ಲಿ ಉಳಿಯುವುದು ಫ್ರೇಮ್ ಮಾತ್ರ. ಆ ಫ್ರೇಮ್ ಎಲ್ಲಿ, ಎಷ್ಟು ಸಲ ಬಿದ್ದಿದೆಯೋ! ಕಾರ್ಬನ್‌ಗೆ ಒಳಗೆ ಪೆಟ್ಟಾದರೂ ಹೊರಗಿನ ಬಣ್ಣ ಹೊಳೆಯುತ್ತಲೇ ಇರಬಹುದು. ನಾಣ್ಯದಿಂದ ತಟ್ಟಿ ಸದ್ದು ಕೇಳುವ ಪದ್ಧತಿಯೇನೋ ಇದೆ, ಅದನ್ನು ನೆಚ್ಚಿಕೊಂಡು ಲಕ್ಷ ರೂಪಾಯಿ ಕೊಡುವ ಧೈರ್ಯ ನನಗಿಲ್ಲ.

ಇನ್ನು ತೂಕದ ಮಾತು. ನೀವು, ಸೈಕಲ್, ಎರಡು ನೀರಿನ ಬಾಟಲಿ ಸೇರಿ 94 ಕಿಲೋ ಎಂದಿಟ್ಟುಕೊಳ್ಳಿ. ಸೈಕಲ್ ಒಂದು ಕಿಲೋ ಹಗುರವಾದರೆ ನೂರಕ್ಕೆ ಒಂದು ಪಾಲು ಉಳಿಯಿತು. 50 ನಿಮಿಷದ ಏರಿನಲ್ಲಿ ಅದು ಅರ್ಧ ನಿಮಿಷ. ಸೈಕ್ಲಿಂಗ್‌ನ ಅಂತಾರಾಷ್ಟ್ರೀಯ ಒಕ್ಕೂಟವಾದ ಯುಸಿಐ 2000ದಿಂದ ಸ್ಪರ್ಧೆಯ ಸೈಕಲ್ 6.8 ಕಿಲೋಗಿಂತ ಹಗುರ ಇರಕೂಡದೆಂದು ನಿಯಮ ಮಾಡಿದೆ. ನಮ್ಮವರು ಮಾತ್ರ ಹೊಟ್ಟೆಯ ಮೇಲೆ ಹತ್ತು ಕಿಲೋ ಇಟ್ಟುಕೊಂಡು ಬಾಟಲಿ ಸಿಕ್ಕಿಸುವ ಪಂಜರದಲ್ಲಿ ಇಪ್ಪತ್ತು ಗ್ರಾಂ ಉಳಿಸುತ್ತಾರೆ. ನೀವು ಐದು ಕಿಲೋ ಇಳಿದರೆ ಎರಡೂವರೆ ನಿಮಿಷ ಬೇಗ ತುದಿ ಮುಟ್ಟುತ್ತೀರಿ, ಸಕ್ಕರೆಯ ಅಂಕಿಗೂ ಒಳ್ಳೆಯದು.

ನಿಮ್ಮ ಕಡೆಯ ರಸ್ತೆಗಳಿಗೆ ನಾನು ಗಿಯರ್‌ನಷ್ಟೇ ಮಹತ್ವ ಕೊಡುವುದು ಟೈರಿಗೆ. ಹಿಂದೆ ರೋಡ್ ಬೈಕ್ ಎಂದರೆ 23 ಮಿಲಿಮೀಟರ್ ಟೈರು, ಕಲ್ಲಿನಂತೆ ಗಟ್ಟಿ ಗಾಳಿ. ಚಕ್ರದ ಅಂಚನ್ನೇ (ರಿಮ್) ಹಿಡಿದು ನಿಲ್ಲಿಸುವ ಹಳೆಯ ರಿಮ್ ಬ್ರೇಕ್ ಫ್ರೇಮ್‌ಗಳಲ್ಲಿ 25ಕ್ಕಿಂತ ಅಗಲದ್ದು ಹಲವು ಸಲ ಹಿಡಿಸುವುದೇ ಇಲ್ಲ. ದೇವನಹಳ್ಳಿ ದಾಟಿ ಹಳ್ಳಿ ರಸ್ತೆಗೆ ಇಳಿದು ನೋಡಿ: ಬಣ್ಣವೂ ಇಲ್ಲದ, ಫಲಕವೂ ಇಲ್ಲದ ಉಬ್ಬುಗಳು, ಪೈಪಿಗಾಗಿ ಅಡ್ಡಲಾಗಿ ಅಗೆದು ಅರೆಬರೆ ಮುಚ್ಚಿದ ಗುಂಡಿಗಳು. ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿಯನ್ನು ರಸ್ತೆಯ ಮೇಲೆಯೇ ಹರಡಿ ಒಕ್ಕಣೆ ಮಾಡುತ್ತಾರೆ. ಹುರುಳಿ ಬಳ್ಳಿಯ ಮೇಲೆ ಸೈಕಲ್ ಓಡಿಸಬೇಡಿ, ಇಳಿದು ತಳ್ಳಿಕೊಂಡು ಹೋಗಿ. ಆ ಬಳ್ಳಿ ಡಿರೈಲರ್‌ನ ಎರಡು ಪುಟ್ಟ ಚಕ್ರಗಳ ನಡುವೆ ಸುತ್ತಿಕೊಂಡು, ಚೈನಿನ ಎಣ್ಣೆಯಲ್ಲಿ ನೆಂದು, ಕಪ್ಪು ಹಗ್ಗವಾಗಿ ಬಿಗಿಯುತ್ತದೆ. ಬಿಡಿಸಲು ಬೆರಳು ಸಾಲದು, ಚಾಕು ಬೇಕು. ಬಿಡಿಸದೆ ತುಳಿದರೆ ಡಿರೈಲರ್ ಮುರಿದು ಕೈಗೆ ಬರುತ್ತದೆ. ಇನ್ನೊಂದು ಜಾಲಿ ಮುಳ್ಳು. ಪಂಕ್ಚರ್ ಆದಾಗ ಟ್ಯೂಬು ಬದಲಾಯಿಸುವ ಮುಂಚೆ ಟೈರಿನ ಒಳಮೈಯಲ್ಲಿ ಹತ್ತಿಯ ಚೂರೊಂದನ್ನು ಸುತ್ತಲೂ ಆಡಿಸಿ. ಎಳೆ ಸಿಕ್ಕಿಕೊಂಡ ಕಡೆ ಮುಳ್ಳಿನ ತುದಿ ಮುರಿದು ಕೂತಿರುತ್ತದೆ. ಅದನ್ನು ಕೀಳದಿದ್ದರೆ ಹೊಸ ಟ್ಯೂಬೂ ಹತ್ತು ನಿಮಿಷ ಬಾಳುವುದಿಲ್ಲ.

ಆದ್ದರಿಂದ 32 ಮಿಲಿಮೀಟರ್ ಟೈರು ಹಿಡಿಸುವ ಫ್ರೇಮ್ ಕೇಳಿ. 28 ಬಂದರೂ ಸದ್ಯಕ್ಕೆ ನಡೆಯುತ್ತದೆ. ನಿಮ್ಮ ತೂಕಕ್ಕೆ 28ರಲ್ಲಿ ಗಾಳಿಯ ಒತ್ತಡ 80 ಪಿಎಸ್‌ಐ ಆಸುಪಾಸು, ಮುಂದಿನ ಚಕ್ರಕ್ಕೆ ತುಸು ಕಡಿಮೆ, ಸಾಕು. ಕೆಟ್ಟ ರಸ್ತೆಯಲ್ಲಿ ಗಟ್ಟಿ ಗಾಳಿಯ ತೆಳು ಟೈರು ಪುಟಿಯುವುದರಲ್ಲೇ ನಿಮ್ಮ ಶ್ರಮ ಕಳೆಯುತ್ತದೆ. ಅಗಲದ ಟೈರು ನಿಧಾನ ಎಂಬುದು ಹಳೆಯ ನಂಬಿಕೆ. ಬ್ರೇಕ್ ಡಿಸ್ಕೇ ಇರಲಿ, ಅಂದರೆ ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವಂಥದ್ದು. ನಂದಿಯಲ್ಲಿ ಮಂಜು, ತುಂತುರು ಸಾಮಾನ್ಯ. ಒದ್ದೆ ರಿಮ್ ಹಿಡಿದುಕೊಂಡು ನಲವತ್ತರಷ್ಟು ತಿರುವುಗಳನ್ನು ಇಳಿಯುವುದು ಎದೆ ನಡುಗಿಸುವ ಕೆಲಸ.

ಗಿಯರ್ ಸೆಟ್ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಶಿಮಾನೊ ಕಂಪನಿಯ ಸೆಟ್‌ಗಳಲ್ಲಿ ಕ್ಲಾರಿಸ್ ಹಿಂದೆ 8, ಸೋರಾ 9, ಟಿಯಾಗ್ರಾ 10 ಗಿಯರಿನವು. ಈ ಹಂತಕ್ಕೆ ಕ್ಯೂಸ್ ಎಂಬ ಹೊಸ ಸಾಲೂ ಬಂದಿದೆ. ಸೋರಾ ಅಥವಾ ಅದರ ಮೇಲಿನ ಯಾವುದಾದರೂ ನಿಮಗೆ ಧಾರಾಳ. ಸೈಕಲ್ಲಿಗಾಗಿ ಜಯಂಟ್‌ನ ಕಂಟೆಂಡ್, ಟ್ರೆಕ್‌ನ ಡೊಮೇನ್ ಎಎಲ್, ಡೆಕಥ್ಲಾನ್‌ನ ಟ್ರೈಬನ್ ಸಾಲುಗಳನ್ನು ನೋಡಿ. ಇವನ್ನು ‘ಎಂಡ್ಯೂರೆನ್ಸ್’ ಬಗೆ ಎನ್ನುತ್ತಾರೆ: ಹ್ಯಾಂಡಲ್ ರೇಸ್ ಸೈಕಲ್ಲಿಗಿಂತ ಎತ್ತರ, ಹತ್ತಿರ. ಹೊಟ್ಟೆ ಇರುವವರು ಕೆಳಗಿನ ಹ್ಯಾಂಡಲ್ ಹಿಡಿದು ಬಾಗಿದರೆ ತೊಡೆ ಹೊಟ್ಟೆಗೆ ತಾಗಿ ಉಸಿರೇ ಕಟ್ಟುತ್ತದೆ. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಲಕ್ಷದಲ್ಲಿ ಇಪ್ಪತ್ತು ಸಾವಿರ ಬದಿಗಿಡಿ: ಹೆಲ್ಮೆಟ್, ಮುಂದೆ ಹಿಂದೆ ದೀಪ, ಪ್ಯಾಡ್ ಇರುವ ಒಳ್ಳೆಯ ಚಡ್ಡಿ, ಪಂಪು, ಟ್ಯೂಬು, ಬೈಕ್ ಫಿಟ್ಟಿಂಗ್ (ಸೈಕಲ್ಲನ್ನು ನಿಮ್ಮ ಮೈ ಅಳತೆಗೆ ಹೊಂದಿಸುವುದು).

ಫಿಟ್ಟಿಂಗ್‌ಗೆ ಹೋಗುವ ತನಕ ಸೀಟಿನ ಎತ್ತರ ಮನೆಯಲ್ಲೇ ಅಳೆಯಬಹುದು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ಪುಸ್ತಕವೊಂದನ್ನು ಕಾಲುಗಳ ಸಂದಿಯಲ್ಲಿ ಮೇಲಕ್ಕೆ ಒತ್ತಿ ಹಿಡಿದು, ನೆಲದಿಂದ ಪುಸ್ತಕದ ಮೇಲಂಚಿಗೆ ಎಷ್ಟೆಂದು ನೋಡಿ. ಅದನ್ನು 0.883ರಿಂದ ಗುಣಿಸಿ. 80 ಸೆಂಟಿಮೀಟರ್ ಬಂದರೆ, ಪೆಡಲ್‌ಗಳ ನಡುವಿನ ಅಚ್ಚಿನಿಂದ ಸೀಟಿನ ಮೇಲ್ಭಾಗಕ್ಕೆ 70.6 ಸೆಂಟಿಮೀಟರ್ ಇಡಿ. ಅಲ್ಲಿಂದ ತುಸು ಮೇಲೆ ಕೆಳಗೆ ಮಾಡಿ ಹೊಂದಿಸಿಕೊಳ್ಳಿ. ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಸಾಮಾನ್ಯವಾಗಿ ಸೀಟು ತಗ್ಗಿದೆ, ಹಿಂಭಾಗ ನೋಯುತ್ತಿದ್ದರೆ ಎತ್ತರವಾಗಿದೆ.

ಆರೋಗ್ಯದ ಬಗ್ಗೆ ನೀವು ಒಂದೇ ವಾಕ್ಯ ಬರೆದಿದ್ದೀರಿ, ನನಗೆ ಅದೇ ದೊಡ್ಡದಾಗಿ ಕಂಡಿತು. ಬೆಟ್ಟ ಹತ್ತುವ ಅಭ್ಯಾಸ ಶುರು ಮಾಡುವ ಮುನ್ನ ಹೃದಯದ ತಪಾಸಣೆ ಬೇಕೇ ಎಂದು ಅದೇ ವೈದ್ಯರನ್ನು ಕೇಳಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಹೇಳುತ್ತದೆ. ಭಾನುವಾರ ಒಂದೇ ದಿನ ಐದು ಗಂಟೆ ತುಳಿದು ಉಳಿದ ಆರು ದಿನ ಕುರ್ಚಿಯಲ್ಲಿ ಕೂರುವುದಕ್ಕಿಂತ, ವಾರದ ನಡುವೆಯೂ ಎರಡು ಬೆಳಿಗ್ಗೆ ಮುಕ್ಕಾಲು ಗಂಟೆ ಹೋಗಿ ಬನ್ನಿ. ಪಕ್ಕದವರೊಂದಿಗೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟು ವೇಗ ಸಾಕು. ಏದುಸಿರು ಬರುವ ಓಟ ವಾರಕ್ಕೊಂದು ಇರಲಿ. ಸೈಕಲ್ಲಿನಲ್ಲಿ ಮೈಭಾರವನ್ನು ಸೀಟು ಹೊರುವುದರಿಂದ ಎಲುಬಿಗೆ ಕೆಲಸ ಸಿಗುವುದಿಲ್ಲ. ವಾರಕ್ಕೆರಡು ಸಲ ಬಸ್ಕಿ, ದಂಡ, ಇಲ್ಲವೇ ಜಿಮ್‌ನ ಭಾರ ಸೇರಿಸಿ.

ಊಟದ ವಿಷಯದಲ್ಲಿ ಸೈಕಲ್ ಸವಾರರು ತಮಗೆ ತಾವೇ ಹೇಳಿಕೊಳ್ಳುವ ಸುಳ್ಳಿಗೆ ಲೆಕ್ಕವಿಲ್ಲ. ನಿಮ್ಮ ವೇಗದಲ್ಲಿ ನಂದಿ ಹತ್ತಿದರೆ ಖರ್ಚಾಗುವುದು ಸುಮಾರು 450 ಕ್ಯಾಲೊರಿ. ಇಳಿದು ಬಂದು ಮಸಾಲೆ ದೋಸೆ, ಎರಡು ವಡೆ, ಸಕ್ಕರೆ ಹಾಕಿದ ಕಾಫಿ ಮುಗಿಸಿದರೆ ಬೆಟ್ಟ ಹತ್ತಿದ್ದು ಅಲ್ಲಿಗೆ ಚುಕ್ತಾ. ದೋಸೆ ಬಿಡಿ ಎನ್ನುವಷ್ಟು ಕಟುಕ ನಾನಲ್ಲ. ವಡೆ ಬಿಡಿ.

ಮುಂದೆ ದೂರದ ಸವಾರಿಯ ಹುಚ್ಚು ಹತ್ತಿದರೆ, ಹತ್ತದೆ ಇರುವುದಿಲ್ಲ, ಬ್ರೆವೆಗಳಿವೆ, ಅಂದರೆ ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಗಳು. 200 ಕಿಲೋಮೀಟರ್‌ಗೆ ಹದಿಮೂರೂವರೆ ಗಂಟೆ ಸಮಯ. ಅಲ್ಲಿ ಗೆಲ್ಲುವವರೂ ಇಲ್ಲ, ಸೋಲುವವರೂ ಇಲ್ಲ. ನಾನು ಹೇಳಿದ ಬಗೆಯ ಸೈಕಲ್ ಅದಕ್ಕೂ ಆಗುತ್ತದೆ.

ಅಂಗಡಿಗೆ ಈಗ ತೊಡುವ ಶೂ ಹಾಕಿಕೊಂಡೇ ಹೋಗಿ. ಒಂದೇ ಬಗೆಯ ಎರಡು ಅಳತೆಯ ಸೈಕಲ್‌ಗಳನ್ನು ಓಡಿಸಿ ನೋಡಬೇಕೆಂದು ಹೇಳಿ, ಅಂಗಡಿಯ ಮುಂದಿನ ಸುತ್ತು ಸಾಲದು, ಇಪ್ಪತ್ತು ನಿಮಿಷ ಬೇಕೆಂದು ಕೇಳಿ. ಇರುವ ಒಂದೇ ಅಳತೆಯನ್ನು ‘ಸಾರ್, ಸೀಟು ಏರಿಸಿದರೆ ಸರಿಹೋಗುತ್ತದೆ’ ಎಂದು ಸಾಗಹಾಕಲು ನೋಡಿದರೆ ಮುಂದಿನ ಅಂಗಡಿಗೆ ನಡೆಯಿರಿ.